ಮ್ಯಾನೇಜರ್ ಗುರುಪ್ರಸಾದ್

ಗುರುಪ್ರಸಾದನನ್ನು ಕೆಲಸದಿಂದ ತೆಗೆದುಬಿಡಬೇಕೆಂದು ಶ್ರೀವಾಣಿ ಬುಧವಾರ ಬೆಳಿಗ್ಗೆ ತೀರ್ಮಾನಿಸಿದಳು.

ಅವನ ಕೆಲಸದಲ್ಲಿ ಕುಂದು ಹುಡುಕುವಂತಿರಲಿಲ್ಲ. ಅದೇ ಕಷ್ಟವಾಗಿತ್ತು. ನಂಜನಗೂಡಿನ ಬಸ್ ನಿಲ್ದಾಣದ ಹಿಂದೆ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳು ಡಿಸೈನ್ ಕೆಲಸ ಶುರು ಮಾಡಿ ಐದು ವರ್ಷವಾಗಿತ್ತು. ಮೊದಲ ಎರಡು ವರ್ಷ ಸಾಕುಬೇಕಾಯಿತು. ಒಂದೇ ಲೋಗೊವನ್ನು ಹದಿನೇಳು ಸಲ ತಿದ್ದಿಸುವವರು. ಭಾನುವಾರ ಬೆಳಿಗ್ಗೆ ಆರಕ್ಕೇ ಫೋನ್ ಮಾಡುವವರು. ತಾಂಡವಪುರದ ಒಬ್ಬ ಗಿರಾಕಿಯಂತೂ, "ನಿಮ್ ಆಫೀಸಲ್ಲಿ ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡಮ್ಮ, ಅವರತ್ರ ಮಾತಾಡ್ತೀನಿ" ಅಂದಿದ್ದ. ಅದರ ಮುಂದಿನ ಸೋಮವಾರವೇ ಗುರುಪ್ರಸಾದ್ ಮ್ಯಾನೇಜರ್ ಆಗಿ ಬಂದದ್ದು.

ಅವನು ಬಂದ ಮೇಲೆ ಎಲ್ಲಕ್ಕೂ ಒಂದು ಕ್ರಮ ಬಂತು. ಕೆಲಸ ಹಿಡಿಯುವ ಮುಂಚೆ ಗಿರಾಕಿ ತುಂಬಿ ಕೊಡಬೇಕಾದ ಪ್ರಶ್ನೆಗಳ ಫಾರಂ. ಎರಡೇ ಸಲ ತಿದ್ದುಪಡಿ ಎಂಬ ಒಪ್ಪಂದ ಪತ್ರ. ಯಾರ ಕೆಲಸ ಎಲ್ಲಿಗೆ ಬಂದಿದೆಯೆಂದು ಅವರವರೇ ಮೊಬೈಲಿನಲ್ಲಿ ನೋಡಿಕೊಳ್ಳುವಂಥ ಪಟ್ಟಿ. ಫೋನಿನಲ್ಲಿ ಅವನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬರೆದೇ ತಿಳಿಸಿ, ದಾಖಲೆಯಿರುತ್ತದೆ ಎನ್ನುವುದು ಅವನ ಕಟ್ಟುನಿಟ್ಟು. ಅವಳು ಆಗುವುದಿಲ್ಲ ಅಂದರೆ ಮುನಿಸಿಕೊಳ್ಳುತ್ತಿದ್ದವರು ಅವನು ಅಂದರೆ "ಆಯ್ತು ಸಾರ್" ಅನ್ನುತ್ತಿದ್ದರು. ಆರು ಜನ ಇದ್ದ ಗಿರಾಕಿಗಳು ಮೂರು ವರ್ಷದಲ್ಲಿ ಇಪ್ಪತ್ತೆಂಟಾದರು.

ಆದರೆ ಇಪ್ಪತ್ತೆಂಟು ಮಂದಿಯೂ ಅವನವರೇ ಆಗಿಬಿಟ್ಟರು. ಹಬ್ಬದ ಶುಭಾಶಯ ಅವನಿಗೆ. ಗೃಹಪ್ರವೇಶದ ಕರೆ ಅವನಿಗೆ. ಶ್ರೀವಾಣಿಗೆ ಬರುತ್ತಿದ್ದುದು "ಮೇಡಂ, ಫೈಲ್ ಕಳಿಸಿ" ಅಷ್ಟೇ. ತಾಯಿ ತೀರಿಕೊಂಡ ಮೇಲೆ ಅವಳನ್ನು ವಿಚಾರಿಸುವವರೇ ಇರಲಿಲ್ಲ. ಸಂಜೆ ಹಾಲಿನ ಬೂತಿನಲ್ಲಿ "ಅರ್ಧ ಲೀಟರ್" ಅಂದಾಗಲೇ, ಬೆಳಗಿನಿಂದ ತಾನು ಬಾಯಿ ತೆರೆದಿಲ್ಲವೆಂದು ಅವಳಿಗೆ ಎಷ್ಟೋ ದಿನ ಹೊಳೆಯುತ್ತಿತ್ತು.

ಎಲ್ಲರಿಗಿಂತ ಹೆಚ್ಚಾಗಿ ಅವನನ್ನು ಹಚ್ಚಿಕೊಂಡವರು ಟಿ. ನರಸೀಪುರದ ರುದ್ರಮ್ಮ. ಅರವತ್ತರ ಹತ್ತಿರದ ಹೆಂಗಸು, ರಾಗಿ ಹುರಿಹಿಟ್ಟು ಮಾಡಿ ಮಾರುವವರು. ಹೋದ ವರ್ಷ ಪ್ಯಾಕೆಟ್ಟುಗಳ ಫೋಟೊ ತೆಗೆಯಲು ಶ್ರೀವಾಣಿ ಅವರ ಮನೆಗೇ ಹೋಗಿದ್ದಳು. ರುದ್ರಮ್ಮ ಮಜ್ಜಿಗೆ ಕೊಟ್ಟು ಹೇಗಿದ್ದೀರೆಂದು ವಿಚಾರಿಸಿದರು; ಎಲ್ಲಾ ಚೆನ್ನಾಗಿದೆ ಅಂದಳು. ಆಮೇಲೆ ಅವರು, "ಮೇಡಮ್ಮೋರು ಬಂದವ್ರೆ ಅಂತ ನಿಮ್ ಮ್ಯಾನೇಜರ್‌ಗೆ ಒಂದ್ ಮೆಸೇಜ್ ಆಕ್ಬುಡ್ತೀನಿ" ಎಂದು ವಾಟ್ಸಾಪ್ ಮಾಡಿದರು. ಗುರುಪ್ರಸಾದನ ಉತ್ತರ ಎಂದಿನಂತೆ ತಡವಿಲ್ಲದೆ ಬಂತು. ಅದನ್ನು ಓದಿ ಅವರು ತಲೆಯೆತ್ತಿದಾಗ ಶ್ರೀವಾಣಿ ಕ್ಯಾಮೆರಾ ಚೀಲದೊಳಗೆ ಕೈಹಾಕಿ ತಲೆತಗ್ಗಿಸಿ ಕೂತಿದ್ದಳು.

ಗುರುಪ್ರಸಾದನ ಮೇಲೆ ರುದ್ರಮ್ಮನಿಗೆ ಅಕ್ಕರೆ ಉಕ್ಕಿದ್ದು ಅದಾದ ಮೇಲೆ. ಆಫೀಸಿನ ನಂಬರಿಗೆ ದಿನಕ್ಕೊಂದು ಧ್ವನಿ ಸಂದೇಶ. "ಉಂಡ್ಯಾ ಮಗ?" "ಬಿಸ್ಲಲ್ಲಿ ಅಲೀಬ್ಯಾಡ." "ಜ್ವರ ಬುಡ್ತಾ?" ಬೇರೆಯವರಿಗೆ ಎರಡು ಸಾಲು ಬರೆಯುವ ಗುರುಪ್ರಸಾದ್ ಇವರಿಗೆ ಮಾತ್ರ ಮನಸ್ಸು ಬಿಚ್ಚಿ ಬರೆಯುತ್ತಿದ್ದ. ಇವತ್ತು ಅಡುಗೆಯಿಲ್ಲ, ಬ್ರೆಡ್ ತಿಂದದ್ದಾಯಿತು. ಒಬ್ಬರಿಗೋಸ್ಕರ ಒಲೆ ಹಚ್ಚಲು ಮನಸ್ಸೇ ಬರುವುದಿಲ್ಲ.

ಆ ಸಂದೇಶಗಳನ್ನು ಶ್ರೀವಾಣಿ ಎರಡೆರಡು ಸಲ ಕೇಳುತ್ತಿದ್ದಳು. ಕೇಳಿ ಮುಗಿದ ಮೇಲೆ ಕೋಣೆ ಇನ್ನಷ್ಟು ಬಿಕೋ ಎನ್ನುತ್ತಿತ್ತು. ಮಂಗಳವಾರ ಅವಳ ಹುಟ್ಟಿದ ದಿನ. ಒಬ್ಬರಿಗೂ ನೆನಪಿರಲಿಲ್ಲ. ಸಂಜೆ ರುದ್ರಮ್ಮನ ದನಿ ಬಂತು: "ಗುರುಪ್ರಸಾದ, ಯಾಕ್ ಮಗ ಇವತ್ತು ಮಾತೇ ಇಲ್ಲ?"

ಅವಳಿಗೆ ತಡೆಯಲಾಗಲಿಲ್ಲ. ಬುಧವಾರ ತನ್ನ ನಂಬರಿನಿಂದ ಎಲ್ಲರಿಗೂ ಕಳಿಸಿದಳು: "ಗುರುಪ್ರಸಾದ್ ಇಂದಿನಿಂದ ನಮ್ಮಲ್ಲಿ ಕೆಲಸದಲ್ಲಿರುವುದಿಲ್ಲ. ಇನ್ನು ನನ್ನನ್ನೇ ನೇರವಾಗಿ ಸಂಪರ್ಕಿಸಿ." ಆಫೀಸಿನ ಸಿಮ್ ತೆಗೆದು ಡ್ರಾಯರಿಗೆ ಹಾಕಿದಳು.

ಇಪ್ಪತ್ತು ಮಂದಿ "ಓಕೆ ಮೇಡಂ" ಅಂದರು. ಒಬ್ಬರು ಹೊಸ ಮ್ಯಾನೇಜರ್ ಯಾರೆಂದು ಕೇಳಿದರು. ರುದ್ರಮ್ಮ ಓದಿದರು, ಉತ್ತರಿಸಲಿಲ್ಲ. ಬುಧವಾರ ಕಳೆಯಿತು. ಗುರುವಾರ ಫೋನ್ ಒಂದು ಸಲವೂ ಸದ್ದು ಮಾಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ನರಸೀಪುರದ ಬಸ್ಸಿಳಿದು ರುದ್ರಮ್ಮ ನೇರ ಬಂದಿದ್ದರು.

"ಎಲ್ಲಿ ಗುರುಪ್ರಸಾದ?"

"ಬಿಟ್ಟುಹೋದ್ರು."

"ಅವ್ನಾಗೇ ಬುಟ್ನಾ, ನೀವೇ ಕಳಿಸಿದ್ರಾ?"

"ನಾನೇ ಕಳಿಸ್ದೆ."

"ಏನ್ ತಪ್ಪು ಮಾಡಿದ್ದ?"

ಶ್ರೀವಾಣಿ ಕಂಪ್ಯೂಟರ್ ಪರದೆಯ ಕಡೆ ತಿರುಗಿದಳು. ಏನೋ ನೆಪ ಹೇಳಬೇಕೆಂದಿದ್ದಳು. ಬಾಯಿಂದ ಬಂದದ್ದು ಬೇರೆ.

"ಎಲ್ಲಾರೂ ಅವರನ್ನೇ ವಿಚಾರಿಸ್ಕೋತಿದ್ರಿ. ನಾನೂ ಇದೇ ಕೋಣೇಲಿ ಇದ್ದೆ, ರುದ್ರಮ್ಮನೋರೆ."

ರುದ್ರಮ್ಮ ಕೋಣೆಯನ್ನೊಮ್ಮೆ ನೋಡಿದರು. ಒಂದು ಮೇಜು. ಕಿಟಕಿಯಲ್ಲಿ ಒಣಗಲಿಟ್ಟ ಒಂದು ತಟ್ಟೆ, ಒಂದು ಲೋಟ. ಗೋಡೆಗೊರಗಿದ್ದ ಸ್ಟೂಲನ್ನು ಎಳೆದುಕೊಂಡು ಅವಳ ಪಕ್ಕಕ್ಕೇ ಕೂತರು.

"ಆ ನಂಬರ್ ಬಂದ್ ಮಾಡ್ಬುಟ್ಟಿದ್ದೀಯ. ಎಲ್ಡು ದಿನದಿಂದ ನಂಗೆ ಜೀವ ಇಲ್ಲ. ಏನಾಯ್ತೋ ಏನೋ ಅಂತ ಒಲೆ ಆರ್ಸಿ ಬಂದೆ."

ಅವರು ತನ್ನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲೆಂದು ಅವಳಿಗೆ ಹೊಳೆಯಲಿಲ್ಲ.

"ಅವರಿಗೆ ಏನೂ ಆಗಿರಲ್ಲ ಬಿಡಿ," ಅಂದಳು. "ಬೇರೆ ಕಡೆ ಕೆಲಸ ಸಿಕ್ಕಿರತ್ತೆ."

ರುದ್ರಮ್ಮ ಅವಳ ಎರಡೂ ಕೈಗಳನ್ನು ಮೇಜಿನ ಮೇಲಿನಿಂದ ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.

"ಅಂಗೊಬ್ಬ ಇಲ್ವೇ ಇಲ್ಲ ಅಂತ ನೀನು ನಮ್ಮನೇಗೆ ಬಂದ ದಿನ ಚೀಲದೊಳ್ಗೆ ಫೋನ್ ಒತ್ತುವಾಗ್ಲೇ ಗೊತ್ತಾಯ್ತು ಕಣವ್ವ, ನಿನ್ನ ಎಸ್ರಲ್ಲಿ ಕೇಳಿದ್ರೆ ಎಲ್ಲಾ ಚೆಂದಾಗದೆ ಅಂತಿದ್ದೆ, ಅವನ ಎಸ್ರಲ್ಲಿ ಕೇಳಿದ್ರೆ ನಿಜ ಯೋಳ್ತಿದ್ದೆ, ಅದ್ಕೇ ನಾನು ಇಷ್ಟು ದಿನ ಅವನ ಎಸ್ರಲ್ಲೇ ನಿನ್ನ ಮಾತಾಡುಸ್ತಿದ್ದೆ."