ಎರಡು ರಿಯಾಲ್‌ನ ರಸ್ತೆ

ಅಬ್ದುಲ್ ಅರ್ಬಾಬನ ಗುಮಾಸ್ತ ಕೊರಗಪ್ಪ ರಸ್ತೆಯ ಖರ್ಚು ಕೊಡುವವರ ಪಟ್ಟಿ ಹಿಡಿದು ಬಂದವನು ಬಾಗಿಲಲ್ಲೇ ನಗುತ್ತ ನಿಂತ. "ಬಾಯಮ್ಮಾ, ನಿಮ್ಮ ಹೆಸರು ಬಿಟ್ಟಿದ್ದೇನೆ. ನಮ್ಮ ಊರಿನವರಲ್ವಾ, ಅಷ್ಟೂ ಮಾಡದಿದ್ರೆ ಹೇಗೆ?"

ಆಲ್ಬಿನಾ ಹಿಟ್ಟು ಕಲಸುವುದನ್ನು ಅಲ್ಲಿಗೇ ಬಿಟ್ಟಳು. ಗಲ್ಫಿನ ವಾದಿ ಕಬೀರ್ ಬಡಾವಣೆಯ ಆ ಓಣಿಗೆ ಡಾಮರು ಹಾಕಿಸಲು ಎಲ್ಲರೂ ಅರ್ಬಾಬ, ಅಂದರೆ ಯಜಮಾನ, ಎನ್ನುವ ಮನೆಗಳ ಮಾಲೀಕ ಅಬ್ದುಲ್ ಕೊನೆಗೂ ಒಪ್ಪಿದ್ದ. ಖರ್ಚು ಮಾತ್ರ ಓಣಿಯದೇ. ರಸ್ತೆ ಯಾರ ಬಾಗಿಲ ತನಕ ಬರುತ್ತದೋ ಅವರೆಲ್ಲ ಎರಡು ವರ್ಷ ಬಾಡಿಗೆಯ ಜೊತೆ ತಿಂಗಳಿಗೆ ಎರಡು ರಿಯಾಲ್ ಹೆಚ್ಚು ಕೊಡಬೇಕು. ಆಲ್ಬಿನಾಳದು ಓಣಿಯ ಕೊನೆಯ ಮನೆ. ಹೆಸರು ಬಿಟ್ಟರೆ ಡಾಮರು ಪಕ್ಕದ ಮನೆಗೇ ಖಲಾಸ್ ಎಂಬುದು ಈ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ.

ಅವಳು ಮದುವೆಯ ಕೇಕ್ ಮಾಡುವವಳು. ಮನೆಯಿಂದ ಮೂರು ಅಂತಸ್ತಾಗಿ ಹೊರಟ ಕೇಕ್ ಓಣಿಯ ಗುಂಡಿಗಳನ್ನು ದಾಟುವಷ್ಟರಲ್ಲಿ ಎರಡೂವರೆಯಾಗುತ್ತಿತ್ತು. ತುದಿಯಲ್ಲಿ ನಿಂತ ಸಕ್ಕರೆಯ ಮದುಮಗ ಪ್ರತಿ ಸಲವೂ ಮದುಮಗಳ ಮೇಲೆ ಮುಗ್ಗರಿಸುತ್ತಿದ್ದ. ಬರುವ ತಿಂಗಳು ಸ್ವಂತ ತಂಗಿ ಡಾಲಿಯ ಮದುವೆ. ಆ ಕೇಕೂ ಹಾಗಾದರೆ ಅವಳಿಗೆ ಮುಖ ತೋರಿಸುವುದು ಹೇಗೆ?

ಹಿಟ್ಟಿನ ಕೈಯಲ್ಲೇ ಆಲ್ಬಿನಾ ಅರ್ಬಾಬನ ಆಫೀಸಿಗೆ ನಡೆದಳು. ಕೊರಗಪ್ಪ ಮುಖ ಸಣ್ಣದು ಮಾಡಿಕೊಂಡು ಹಿಂದೆ ಬಂದ. ಮೀನಿನವನ ಹತ್ತಿರ ರಿಯಾಲಿನ ಹತ್ತನೇ ಒಂದು ಪಾಲಾದ ನೂರು ಬೈಸೆಗಾಗಿ ಅರ್ಧ ಗಂಟೆ ಚೌಕಾಸಿ ಮಾಡುವ ಹೆಂಗಸು, ತನಗೂ ಎರಡು ರಿಯಾಲ್ ಹಾಕಿ ಎಂದು ತನ್ನ ಹರುಕುಮುರುಕು ಹಿಂದಿಯಲ್ಲಿ ಜಗಳಕ್ಕೆ ನಿಂತಳು. ಅಬ್ದುಲ್ ಕಾವಾ ಕಾಫಿಯ ಬಟ್ಟಲು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹದಿನೈದು ದಿನಗಳಿಂದ ಬಂದವರೆಲ್ಲ ಹೆಸರು ಹೊಡೆದುಹಾಕಿಸಲು ಬಂದವರು, ಸೇರಿಸಿ ಎಂದವಳು ಇವಳೊಬ್ಬಳೇ ಎಂದು ತಾನೇ ಪೆನ್ನು ತೆಗೆದು ಬರೆದುಕೊಂಡ.

ಡಾಲಿಯ ಮದುವೆಯ ದಿನ ಡಾಮರು ಇನ್ನೂ ಕಪ್ಪಗೆ ಮಿಂಚುತ್ತಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಕೇಕ್ ಹಿಡಿದುಕೊಳ್ಳುವ ಶಿಕ್ಷೆ ಕೊರಗಪ್ಪನಿಗೆ. ಆಲ್ಬಿನಾಳ ಗಂಡ ಪಿಯುಸ್ ಉಸಿರು ಬಿಗಿಹಿಡಿದು ಕಾರು ಓಡಿಸಿದ. ಓಣಿ ಮುಗಿದಾಗ ಮುಂದೆ ಕೂತಿದ್ದ ಅವಳು ಮೆಲ್ಲಗೆ ಹಿಂತಿರುಗಿ ನೋಡಿದಳು. ಮೂರಕ್ಕೆ ಮೂರೂ ಅಂತಸ್ತು ನೆಟ್ಟಗಿದ್ದವು. ಮದುಮಗ ಮದುಮಗಳ ಪಕ್ಕದಲ್ಲಿ ಮರ್ಯಾದೆಯಿಂದ ನಿಂತಿದ್ದ. ಆಲ್ಬಿನಾಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಬಾಯಮ್ಮಾ," ಹಿಂದಿನಿಂದ ಕೊರಗಪ್ಪನ ಸಣ್ಣ ದನಿ ಬಂತು, "ನಾನಿರುವುದು ಹಿಂದಿನ ಓಣಿಯಲ್ಲಿ. ನಮಗೂ ಎರಡು ರಿಯಾಲ್ ಹಾಕಲಿಕ್ಕೆ ಅರ್ಬಾಬನಿಗೆ ನೀವೇ ಒಂದು ಮಾತು ಹೇಳ್ತೀರಾ?"