ಏರಿನಲ್ಲಿ ಬ್ರೇಕು

ದೊರ್ದೋನ್ ಕಣಿವೆಯ ಹಳೆಯ ಕೋಟೆಯ ಬಾಗಿಲಿಗೆ ಇನ್ನು ಇಪ್ಪತ್ತೇ ಮಾರು ಏರು. ಭಾನುವಾರದ ಸೈಕಲ್ ಸವಾರಿಯಲ್ಲಿ ಆ ಬಾಗಿಲಿನ ಕಬ್ಬಿಣದ ಬಳೆಯನ್ನು ಮೊದಲು ಮುಟ್ಟಿದವನಿಗೆ ಮೊದಲ ಲೋಟ ವೈನ್. ಹೃದಯದ ಆಪರೇಷನ್ ಆದಮೇಲೆ ಇದೇ ಮೊದಲ ಸಲ ಗಾಸ್ತೋನ್ ಎಲ್ಲರಿಗಿಂತ ಮುಂದಿದ್ದ.

"ಏನೋ ರೆಮಿ, ಉಸಿರು ನಿಂತೋಯ್ತಾ?" ಎಂದು ಬೆನ್ನ ಹಿಂದಿದ್ದ ಹಳೆಯ ಎದುರಾಳಿಯನ್ನು ಕೆಣಕಿದ.

"ನಿನ್ನ ಹಿಡಿಯೋಕಾಗ್ತಿಲ್ಲ ಕಣೋ ಮುದುಕ!"

ಗಾಸ್ತೋನ್ ನಗುತ್ತಲೇ ತುಳಿದ. ಆಗ ಹಿಂದಿನಿಂದ ಕಿರ್ರ್ ಎಂಬ ಸದ್ದು ಬಂತು. ಮೂವತ್ತು ವರ್ಷದಿಂದ ಇಳಿಜಾರುಗಳಲ್ಲಿ ಕೇಳಿದ್ದ ಸದ್ದು, ರೆಮಿಯ ಬ್ರೇಕಿನದು. ಏರಿನಲ್ಲಿ ಯಾರು ಬ್ರೇಕ್ ಹಿಡಿಯುತ್ತಾರೆ?

ಬಾಗಿಲ ಮುಂದೆ ಇಳಿದ ಗಾಸ್ತೋನ್ ಬಳೆಯನ್ನು ಮುಟ್ಟಲಿಲ್ಲ. ತಿರುಗಿ ನಿಂತು ಕೇಳಿದ: "ನಾನು ಸೋಲೋಕೂ ಲಾಯಕ್ಕಿಲ್ವೇನೋ?"