ಕಂದೀಲಣ್ಣನ ಅಂಗಡಿಯಲ್ಲಿ ಸ್ಟಾಕ್ ಇಲ್ಲ

‘ಸ್ಟಾಕ್ ಇಲ್ಲ. ಸರಕು ಬರುವವರೆಗೆ ಅಂಗಡಿ ಮುಚ್ಚಿದೆ’ ಎಂದು ತಮ್ಮ ಬೋರ್ಡು ತಗುಲಿಹಾಕಿ ಕುರ್ಚಿಗೆ ಒರಗಿದ್ದನಷ್ಟೇ, ಹಿಂದೆ ಬಂದು ನಿಂತ ಅಕ್ಕ ಕಂಪ್ಯೂಟರ್ ಪರದೆ ನೋಡಿ ನಕ್ಕುಬಿಟ್ಟಳು. ಆಟದೊಳಗಿನ ಆ ಪುಟ್ಟ ಅಂಗಡಿಯ ಗೋಡೆ, ತೊಲೆ, ಕಿಟಕಿ, ಎಲ್ಲಿ ನೋಡಿದರೂ ಕಂದೀಲು. ಒಂದೊಂದೂ ನಿಗಿನಿಗಿ ಉರಿಯುತ್ತಿತ್ತು. ಅದರ ಬೆಳಕಿಗೆ ಸಂತೆಬೀದಿಯ ಆ ತುದಿಯಿಂದಲೂ ಬೋರ್ಡು ಸಲೀಸಾಗಿ ಓದಬಹುದಿತ್ತು.

“ಸುಳ್ಳು ಹೇಳೋದಾದ್ರೆ ದೀಪನಾದ್ರೂ ಆರಿಸ್ಬಾರ್ದೇನೋ?” ಎಂದಳು ಅಕ್ಕ.

“ಆ… ಆರಿಸೋಕಾಗಲ್ಲಕ್ಕಾ. ಮಾರೋವರೆಗೂ ಉರೀತಾನೇ ಇರ್ತಾವೆ.”

ಆ ಆನ್‌ಲೈನ್ ಆಟದಲ್ಲಿ ಅವನನ್ನು ಎಲ್ಲರೂ ಕರೆಯುವುದು ಕಂದೀಲಣ್ಣ ಎಂದು. ಎಲ್ಲೆಲ್ಲಿಂದಲೋ ಆಡುವವರು ಗಣಿಗೆ ಇಳಿಯುವ ಮುಂಚೆ ಅವನ ಅಂಗಡಿಗೆ ಬಂದು ಕಂದೀಲು ಕೊಳ್ಳುತ್ತಾರೆ. ಅಲ್ಲಿ ಅವನು ಮಾತಿನಮಲ್ಲ. ಗಿರಾಕಿ ಒಂದು ಸಾಲು ಟೈಪ್ ಮಾಡಿದರೆ ಇವನು ಮೂರು ಸಾಲು ಟೈಪ್ ಮಾಡಿ, ನಗಿಸಿ ನಗಿಸಿಯೇ ಜೇಬು ಬರಿದು ಮಾಡಿ ಕಳಿಸುವ ಆಸಾಮಿ. ಹಗಲು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಮಾತ್ರ ಹಿಂದಿನ ಕೋಣೆಯನ್ನು ಕೇಳಿ ಪಡೆದಿದ್ದಾನೆ. ಅಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸಿದರಾಯಿತು, ಯಾರೊಂದಿಗೂ ಮಾತಾಡಬೇಕಿಲ್ಲ. ಅವನಿಗೆ ಮಾತು ತಡೆಯುತ್ತದೆ. ಕೆಲವೊಮ್ಮೆ ಬಾಯಿ ತೆರೆದೇ ಇರುತ್ತದೆ, ಶಬ್ದ ಮಾತ್ರ ಹೊರಡುವುದಿಲ್ಲ.

ಆಟ ನಡೆಸುವವರಿಗೆ ಅದೇನು ಹೊಳೆಯಿತೋ, ಇವತ್ತಿನಿಂದ ಸಂತೆಬೀದಿಯಲ್ಲಿ ಟೈಪ್ ಮಾಡುವಂತಿಲ್ಲ, ಚೌಕಾಸಿಯೆಲ್ಲ ಬಾಯಿಮಾತಿನಲ್ಲೇ ಆಗಬೇಕು ಎಂದುಬಿಟ್ಟಿದ್ದಾರೆ. ಇಷ್ಟನ್ನು ಅಕ್ಕನಿಗೆ ಹೇಳಿ ಮುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಚಿಕ್ಕಂದಿನಲ್ಲಿ ಅವನ ಮಾತನ್ನೆಲ್ಲ ತಾನೇ ಮುಗಿಸಿಕೊಡುತ್ತಿದ್ದವಳು ಈಗ ತುಟಿ ಬಿಗಿಹಿಡಿದು ಕಾದಳು. ಅದು ಅವಳಿಗೆ ಇವತ್ತಿಗೂ ಸುಲಭವಲ್ಲ.

“ಎಷ್ಟು ದಿನ ಮುಚ್ಚಿರ್ತೀಯ?”

“ಸ… ಸರಕು ಬರೋವರೆಗೆ.”

“ಬಂದು ಬಿದ್ದಿದೆಯಲ್ಲೋ! ಇನ್ನೂ ಬಂದ್ರೆ ಎಲ್ಲಿಡ್ತೀಯ, ನಿನ್ನ ತಲೆ ಮೇಲಾ?”

ಅವನಿಗೆ ನಗು ಬರಲಿಲ್ಲ. ಇಡೀ ಪ್ರಪಂಚದಲ್ಲಿ ಅವನನ್ನು ಯಾರೂ ಪಾಪ ಅನ್ನದ ಜಾಗ ಎಂದರೆ ಅದೊಂದೇ ಬೀದಿ. ಅದನ್ನೂ ಕಳೆದುಕೊಳ್ಳುವುದು ಅವನಿಗೆ ಬೇಡವಾಗಿತ್ತು. ಬೋರ್ಡಿನ ಹಿಂದೆ ಹೀಗೇ ಕೂತಿದ್ದರೆ ಕಡೇಪಕ್ಷ ಅವರ ನೆನಪಿನಲ್ಲಾದರೂ ಮಾತಿನಮಲ್ಲನಾಗಿ ಉಳಿಯುತ್ತೇನೆ ಎಂದುಕೊಂಡಿದ್ದ.

ಅಷ್ಟರಲ್ಲಿ ಪರದೆಯ ಮೇಲೆ ಅಂಗಡಿಯ ಬಾಗಿಲು ದಡದಡ ಬಡಿದ ಸದ್ದಾಯಿತು. ಹೊರಗೆ ಹಾರೆ ಹೊತ್ತು ನಿಂತಿದ್ದದ್ದು ಒಂಟಿಗೂಬೆ ಎಂಬ ಅಡ್ಡಹೆಸರಿನ ಹಳೇ ಗಿರಾಕಿ. ಯಾರೋ ಪಡ್ಡೆ ಹುಡುಗ ಇರಬೇಕೆಂದು ಅವನು ಇಷ್ಟು ದಿನ ತಿಳಿದಿದ್ದ. ಸ್ಪೀಕರಿನಲ್ಲಿ ಕೇಳಿದ್ದು ಗಟ್ಟಿ ಗಂಟಲಿನ ಹೆಂಗಸಿನ ಧ್ವನಿ.

“ಕಂದೀಲಣ್ಣಾ! ಒಳಗಿದ್ದೀರ ಅಂತ ಗೊತ್ತು. ಇಷ್ಟು ಬೆಳಕಿಟ್ಕೊಂಡು ಸ್ಟಾಕ್ ಇಲ್ಲ ಅಂದ್ರೆ ಯಾರ್ರೀ ನಂಬ್ತಾರೆ? ಗಣಿಗೆ ಇಳೀಬೇಕು, ಒಂದು ಕಟ್ಟು ಕಂದೀಲು ಕೊಡಿ. ಐವತ್ತು ಕಾಸು ಕೊಡ್ತೀನಿ.”

ಅಂಗಡಿ ಬಾಗಿಲಿಗೆ ಬಂದ ಹಳೇ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ಅಕ್ಕನ ಮುಖವನ್ನೊಮ್ಮೆ ನೋಡಿ, ಬಾಗಿಲು ತೆರೆದು, ಮೈಕ್ ಒತ್ತಿದ. ಐವತ್ತು ನ್ಯಾಯವಾದ ಬೆಲೆಯೇ. ಆಯ್ತು ಎಂದರೆ ಮುಗಿಯಿತು. ಬಾಯಿ ತೆರೆದ. ಆ ಒಂದು ಪದ ಗಂಟಲಲ್ಲೇ ಬಿಗಿದು ಕೂತಿತು.

“ಸರಿ, ಐವತ್ತೈದು,” ಎಂದಳು ಒಂಟಿಗೂಬೆ.

ಅವನ ಕುತ್ತಿಗೆಯ ನರ ಉಬ್ಬಿತು. ಆ ಪದವನ್ನು ತಾನೇ ಹೇಳಿಬಿಡಲು ಅಕ್ಕ ಮುಂದೆ ಬಾಗಿದಳು. ಅವನು ಕೈ ಅಡ್ಡ ಹಿಡಿದು ತಡೆದ.

“ಅಬ್ಬಬ್ಬಾ, ಏನು ಬಿಗಿ ಹಿಡೀತೀರ್ರೀ! ಅರವತ್ತು. ಇನ್ನೇನು ನನ್ನ ಹಾರೆನೂ ಕಿತ್ಕೊಳ್ತೀರಾ?”

ಅಕ್ಕನ ಕಣ್ಣು ಅರಳಿತು. ಮಾತಾಡಬೇಡ, ಹೀಗೇ ಇರು ಎಂದು ಎರಡೂ ಕೈಯಲ್ಲಿ ಸನ್ನೆ ಮಾಡಿ, ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆದಳು. ಸುಮ್ಮನಿದ್ದರೆ ಎಪ್ಪತ್ತಕ್ಕೂ ಹೋಗುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು. ಆದರೆ ಗಿರಾಕಿಯನ್ನು ಮಾತಿನಲ್ಲಿ ಗೆದ್ದು ಅಭ್ಯಾಸವಿದ್ದವನಿಗೆ ಈ ಗೆಲುವು ರುಚಿಸಲಿಲ್ಲ. ಅವನು ಕಣ್ಣು ಮುಚ್ಚಿದ.

“ಆ… ಆ… ಆಯ್ತು ಅಂತಲೇ ಹೇಳ್ತಿದ್ದೆ. ಐ… ಐವತ್ತಕ್ಕೇ. ನಂಗೆ ಮಾ… ಮಾತು ತಡೆಯುತ್ತೆ.”

ಸ್ಪೀಕರಿನಲ್ಲಿ ಏನೂ ಕೇಳಲಿಲ್ಲ. ಅಕ್ಕನ ನಗುವೂ ನಿಂತಿತು. ಅಯ್ಯೋ ಪಾಪ ಎನ್ನುವ ಮುಂಚೆ ಜನ ಒಂದು ಗಳಿಗೆ ಹೀಗೇ ಸುಮ್ಮನಿರುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೋರ್ಡನ್ನು ಮತ್ತೆ ನೇತುಹಾಕಲು ಅವನ ಕೈ ಆಗಲೇ ಮೌಸಿನ ಮೇಲಿತ್ತು.

“ಅಂದ್ರೆ ಐವತ್ತಕ್ಕೇ ಒಪ್ಕೊಂಡಿದ್ರಾ?” ಎಂದಳು ಒಂಟಿಗೂಬೆ. “ಛೆ, ತಪ್ಪು ಮಾಡ್ದೆ. ನಲವತ್ತರಿಂದ ಶುರು ಮಾಡ್ಬೇಕಿತ್ತು. ನಡೀರಿ, ನಲವತ್ತೈದು ಮಾಡ್ಕೊಳ್ಳಿ.”